ನೆಟ್ಟಗೆ ಇಳಿದ ಬೋಲ್ಟು

ಶೆಡ್ಡಿನಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ನೀನು ಕೂತಲ್ಲಿ ಕೂರುತ್ತಿಲ್ಲವೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ನಾನೂ ಹಾಗೆಯೇ. ಈ ಕಾಗದ ಶುರುಮಾಡಿದ ಮೇಲೆ ಸುಮ್ಮಸುಮ್ಮನೆ ಎದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದೇನೆ. ಹೊರಗೆ ನೋಡುವಂಥದ್ದೇನೂ ಇಲ್ಲ. ನಿಂತ ಲಾರಿ, ಅದರ ನೆರಳು.

ಅಪ್ಪನ ಕೈ ನಡುಗುತ್ತಿದೆ. ಲೋಟ ಹಿಡಿದಾಗಲ್ಲ, ಥ್ರೆಡ್ ಕೊರೆಯುವ ಟ್ಯಾಪ್ ಹಿಡಿದಾಗ. ಕಳೆದ ವಾರ ಪಂಪಿನ ಮುಚ್ಚಳದ ತೂತುಗಳೊಳಗೆ ಬೋಲ್ಟು ತಿರುಗಿ ಇಳಿಯಲು ಥ್ರೆಡ್ ಕೊರೆಯುತ್ತಿದ್ದರು, ಎಂದಿನಂತೆ ಬರಿಗೈಯಲ್ಲಿ, ಕಣ್ಣಳತೆಯಲ್ಲಿ. ಕೊನೆಯ ತೂತಿನಲ್ಲಿ ಟ್ಯಾಪ್ ವಾಲಿ, ಟಕ್ಕೆಂದು ಮುರಿದು, ಒಳಗೇ ಉಳಿಯಿತು. ಅದು ಡ್ರಿಲ್ಲಿಗೂ ಬಗ್ಗದಷ್ಟು ಗಟ್ಟಿ. ಮುಚ್ಚಳ ಗುಜರಿಗೆ ಹೋಯಿತು. "ಕಬ್ಬಿಣಾನೇ ಸರಿಯಿಲ್ಲ ಕಣೇ" ಎಂದರು. ನಾನು ಹೂಂ ಎಂದೆ. ಹೂಂ ಎನ್ನುವುದು ಈ ಮನೆಯಲ್ಲಿ ನನ್ನ ಕಸುಬು. ಅದು ನಿನಗೆ ಬರಲಿಲ್ಲ, ಅದಕ್ಕೇ ನೀನು ಅಲ್ಲಿದ್ದೀಯ.

ಮರುದಿನ ಅವರು ಊಟಕ್ಕೆ ಹೋದಾಗ, ಟ್ಯಾಪನ್ನು ನೆಟ್ಟಗೆ ಹಿಡಿಯಲೆಂದು ನೀನು ಮಾಡಿಟ್ಟುಹೋದ ಕೈಯಂತ್ರದ ಮೇಲಿನ ಗೋಣಿ ತೆಗೆದೆ. ಅವರು ಅದನ್ನು "ಕೈಲಾಗದವರ ಊರುಗೋಲು" ಎಂದದ್ದಕ್ಕೇ ಅಲ್ಲವೇ ನೀನು ಚೀಲ ಹೆಗಲಿಗೇರಿಸಿದ್ದು? ಕಂಬ, ತೋಳು, ಮೇಲಿನ ಹಿಡಿ ಎಲ್ಲ ಹಾಗೇ ಇದೆ, ಅಲ್ಲಲ್ಲಿ ತುಕ್ಕು. ಟ್ಯಾಪ್ ಸಿಕ್ಕಿಸಿ ಹೊಸ ಮುಚ್ಚಳವನ್ನು ಕೆಳಗಿಟ್ಟೆ. ಹಿಡಿಯನ್ನು ಅರ್ಧ ಸುತ್ತು ಮುಂದಕ್ಕೆ, ತುಸು ಹಿಂದಕ್ಕೆ ತಿರುಗಿಸಿದೆ, ಒಳಗಿನ ಚೂರು ಕತ್ತರಿಸಿ ಬೀಳಲೆಂದು. ಟ್ಯಾಪನ್ನು ಯಂತ್ರ ಅತ್ತಿತ್ತ ವಾಲಲು ಬಿಡುವುದಿಲ್ಲ. ವಿಚಿತ್ರವೆನಿಸಿತು: ಕೈಗೆ ಕೆಲಸವಿದೆ, ಭಯವಿಲ್ಲ. "ಎಣ್ಣೆ ಹಾಕೇ, ಕಿರುಗುಡ್ತಿದೆ" ಎಂಬ ಮಾತು ಹಿಂದಿನಿಂದ ಬಂತು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅಪ್ಪ ಬೋಲ್ಟೊಂದನ್ನು ತೂತಿಗಿಟ್ಟು ಬೆರಳ ತುದಿಯಲ್ಲಿ ತಿರುಗಿಸಿದರು. ನೆಟ್ಟಗೆ ಇಳಿಯಿತು. ಬಿಚ್ಚಿದರು, ಮತ್ತೆ ಇಳಿಸಿದರು. "ನಿಮ್ಮಣ್ಣಂಗೆ ಬಣ್ಣ ಬಳಿಯೋಕೆ ಮಾತ್ರ ಬರಲ್ಲ" ಎಂದು ಹೊರಟುಹೋದರು. ಹೊಗಳಿದರೋ ಬೈದರೋ, ನನಗಿನ್ನೂ ತಿಳಿದಿಲ್ಲ.

ಭಾರ ಎತ್ತಬೇಡ. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಅತ್ತಿಗೆಯನ್ನು ಕೇಳಿದೆನೆಂದು ಹೇಳು.

ನಿನ್ನ ತಂಗಿ,
ಪುಟ್ಟಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಇದನ್ನು ಹೇಳಿಬಿಡುತ್ತೇನೆ. ಇವತ್ತು ಬೆಳಿಗ್ಗೆ ಅಪ್ಪ ಯಂತ್ರವನ್ನು ಬೆಂಚಿನ ಮೂಲೆಯಲ್ಲಿ ಬಿಗಿದು ಕೂರಿಸಿದ್ದಾರೆ. ಬಲಕ್ಕೆ ಗೋಡೆ. ಹಿಡಿ ತಿರುಗಿಸಿದರೆ ನನ್ನ ಮೊಣಕೈ ಗೋಡೆಗೆ ಬಡಿಯುತ್ತದೆ, ಅವರದೂ ಬಡಿಯುತ್ತದೆ. ಈಚೆಗೆ ಸರಿಸೋಣವೆಂದೆ. "ಇರ್ಲಿ ಬಿಡು, ಅಲ್ಲೇ ಸರಿ" ಎಂದರು. ನಮ್ಮಲ್ಲಿ ಎಡಚ ಇರುವುದು ನೀನೊಬ್ಬನೇ. ಬಾ ಎನ್ನುವ ಮಾತು ಅವರ ಬಾಯಿಂದ ಹೊರಡುವುದಿಲ್ಲ. ನೀನೇ ಹೊರಡು.