ಬುಧವಾರ ಸಂಜೆಯ ಕಿಟಕಿ

ರೀ,

ನಿಮ್ಮ ಲೈಫ್ ಜಾಕೆಟ್ ಹುಡುಕಬೇಡಿ, ಅದು ನನ್ನ ಮೈಮೇಲಿದೆ. ಇವತ್ತಿನ ಹಾಯಿದೋಣಿ ಪಂದ್ಯಕ್ಕೆ ನಿಮ್ಮ ಬದಲು ನಾನೇ ಕೆರೆಗೆ ಹೋಗಿದ್ದೇನೆ. ಮಧ್ಯಾಹ್ನ ನಿಮ್ಮ ಜೊತೆ ದೋಣಿ ನಡೆಸುವ ಗೆಳೆಯ, ಆ ಹಲ್ಲಿನ ಡಾಕ್ಟರು ಫೋನ್ ಮಾಡಿ, "ಗಾಳಿ ಕಮ್ಮಿ ಇದೆ ಅತ್ತಿಗೆ, ದೋಣಿಗೆ ನಿಮ್ಮ ಗಂಡನಿಗಿಂತ ಹಗುರ ಇರೋರು ಬೇಕಿತ್ತು" ಎಂದು ನಕ್ಕರು. "ಹಾಗಾದ್ರೆ ನಾನು ಬರ್ತೀನಿ" ಎಂದುಬಿಟ್ಟೆ. ಅವರದು ತಮಾಷೆ, ನನ್ನದಲ್ಲ.

ನೀವು ಬರುವವರೆಗೆ ಪಕ್ಕದ ಮನೆಯ ಟೀಚರು ಮಾವನ ಹತ್ತಿರ ಕೂತಿರುತ್ತಾರೆ. ಅವರನ್ನು ಕಾಯಿಸಬೇಡಿ. ಸೂಪು ಫ್ಲಾಸ್ಕಿನಲ್ಲಿದೆ. ಚಮಚದಲ್ಲಿ ನಿಧಾನವಾಗಿ ಕುಡಿಸಿ, ಅವಸರ ಮಾಡಿದರೆ ನೆತ್ತಿಗೇರುತ್ತದೆ.

ಆರು ಗಂಟೆಗೆ ಮಾವನ ಮಂಚವನ್ನು ಕೆರೆ ಕಾಣುವ ಕಿಟಕಿಯ ಕಡೆ ತಿರುಗಿಸಿ. ಅವರ ಕೈ ನಡುಗುತ್ತದೆ, ದುರ್ಬೀನು ನೀವೇ ಹಿಡಿದುಕೊಳ್ಳಬೇಕು. ತೋಳು ಸೋತರೂ ಇಳಿಸುವ ಹಾಗಿಲ್ಲ. ಇಳಿಸಿದರೆ ದೋಣಿ ಮುಳುಗಿತೆಂದು ಗಾಬರಿಯಾಗುತ್ತಾರೆ. ಮೂರು ವರ್ಷದಿಂದ ಪ್ರತಿ ಬುಧವಾರ ನಾನು ಆ ಕಿಟಕಿಗೆ ಮೊಳೆ ಹೊಡೆದ ಹಾಗೆ ನಿಂತಿದ್ದೇನೆ. ಬಾತ್‌ರೂಮಿಗೂ ಹೋಗುವಂತಿಲ್ಲ.

ದೋಣಿ ತಿರುವಿನ ಗುರುತಿಗೆ ತೇಲಿಬಿಟ್ಟ ಆ ಕೆಂಪು ಪೀಪಾಯಿ ಸುತ್ತುವಾಗ, "ಕೈ ಬೀಸಿದ್ನಾ?" ಎಂದು ಕೇಳುತ್ತಾರೆ. ದುರ್ಬೀನಿನಲ್ಲೂ ಅವರ ಕಣ್ಣಿಗೆ ಕಾಣುವುದು ಬಿಳಿ ಹಾಯಿ ಮಾತ್ರ. ನೀವು ಒಂದು ದಿನವೂ ಈ ಕಡೆ ತಿರುಗಿ ನೋಡಿದವರಲ್ಲ. "ಬೀಸಿದ್ರು ಮಾವ, ಎರಡೂ ಕೈ" ಎಂದು ನಾನೇ ಹೇಳುತ್ತಾ ಬಂದಿದ್ದೇನೆ.

ಇವತ್ತು ದೋಣಿಯಲ್ಲಿರುವುದು ನಾನು ಎಂದು ಅವರಿಗೆ ಹೇಳಿದ್ದೇನೆ. ಪೀಪಾಯಿಯ ಹತ್ತಿರ ಎರಡೂ ಕೈ ಬೀಸುತ್ತೇನೆ. ನೀವು ಸುಳ್ಳು ಹೇಳಬೇಕಾಗಿಲ್ಲ.