ಸಹಿಗೆ ಬಿಟ್ಟ ಜಾಗ

ಮಾರ್ಚ್ 3, ಸೋಮವಾರ
ಮತ್ತದೇ ನಿಘಂಟು, ಮತ್ತದೇ ಸೊಂಟನೋವು. ಈಗಿನ ಲ್ಯಾಟಿನ್ ಪದ ಕಲುಮ್ನಿಯಾ. ಚಾಡಿ, ಸುಳ್ಳು ಆಪಾದನೆ, ಮೋಸ, ಕೋರ್ಟಿನಲ್ಲಿ ಮಾತು ತಿರುಚುವುದು... ಒಟ್ಟು ಏಳು ಅರ್ಥ, ಅರ್ಥಕ್ಕೊಂದು ಚೀಟಿ. ಕಚೇರಿಯ ಹಿರಿಯರಾದ ಮೇಷ್ಟ್ರು ಬರೆಯುತ್ತಾರೆ, ನಾನು ಮೂಲ ನೋಡಿ ಕೆಳಗೆ ಸಹಿ ಹಾಕುತ್ತೇನೆ. ಏಳೂ ಸಹಿ ಸಮೇತ ಮುಗಿದಿದ್ದವು. ಶುಕ್ರವಾರ ಕದ್ದು ಮನೆಗೆ ಒಯ್ದೆ, ಇನ್ನೊಮ್ಮೆ ನೋಡೋಣವೆಂದು. ಬಸ್ಸಿನಲ್ಲೇ ಬಿಟ್ಟೆ. ಚೀಟಿ ಹೊರಗೆ ಒಯ್ದರೆ ಕೆಲಸ ಹೋದಂತೆಯೇ.

ಚೀಟಿ ಎಲ್ಲಿ ಎಂದು ಇವತ್ತು ಸಂಪಾದಕರು ಕೇಳಿದರು. ಬಾಯಿಗೆ ಬಂದದ್ದು — "ಮೇಷ್ಟ್ರು ಬ್ಯಾಗಿಗೆ ಹಾಕ್ಕೊಂಡ ಹಾಗಿತ್ತು ಸಾರ್."
"ಹಾಗಿತ್ತಾ? ನೋಡಿದ್ರಾ?"
"ನೋಡಿದೆ."

ನನ್ನನ್ನು ಇಲ್ಲಿ ಸೇರಿಸಿದವರೇ ಮೇಷ್ಟ್ರು.

ಮಾರ್ಚ್ 6, ಗುರುವಾರ
ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದು ಮೇಷ್ಟ್ರಿಗೆ ಹೇಳಿದರಂತೆ. ನಿವೃತ್ತಿಗೆ ನಾಲ್ಕೇ ತಿಂಗಳು. ಕನ್ನಡಕದ ಡಬ್ಬಿ ಮರೆತು ಹೊರಟಿದ್ದರು. ಓಡಿಹೋಗಿ ಕೊಟ್ಟೆ.
"ಯಾರೋ ಚಾಡಿ ಹೇಳಿದಾರಪ್ಪಾ. ಪದ ಚೆನ್ನಾಗಿ ಅರ್ಥ ಆಯ್ತು ಬಿಡು" ಎಂದು ನಕ್ಕರು. ನಾನೂ ನಕ್ಕೆ. ಥೂ, ನನ್ನ ಜನ್ಮಕ್ಕಿಷ್ಟು.

ರಾತ್ರಿ ಹೆಂಡತಿ — "ಯಾಕ್ರೀ, ತಟ್ಟೆ ಮುಂದೆ ಕಲ್ಲಿನ ಹಾಗೆ ಕೂತಿದ್ದೀರಿ?" ತಲೆನೋವು ಅಂದೆ. ಈಗೀಗ ಸುಳ್ಳು ಸಲೀಸು.

ಮಾರ್ಚ್ 12, ಬುಧವಾರ
ಮೇಷ್ಟ್ರ ಮಗಳು ಲಕೋಟೆ ತಂದುಕೊಟ್ಟಳು. ಏಳು ಚೀಟಿ! ಜೊತೆಗೊಂದು ಕಾಗದ: "ನೆನಪಿದ್ದಷ್ಟು ಮತ್ತೆ ಬರೆದಿದ್ದೇನೆ. ನಿನ್ನ ಕೆಲಸ ನಿಲ್ಲಬಾರದು. ಸಹಿಗೆ ಜಾಗ ಬಿಟ್ಟಿದ್ದೇನೆ."

ಅಷ್ಟರಲ್ಲಿ ಸಂಪಾದಕರು. ಕಾಗದ ಜೇಬಿಗೆ ತುರುಕಿದೆ. ಅವರು ಹೊರಟ ಮಗಳನ್ನೂ ಚೀಟಿಗಳನ್ನೂ ನೋಡಿ, "ನೋಡಿದ್ರಾ, ಹೆದರಿ ವಾಪಸ್ ಕಳಿಸಿದಾರೆ ಮುದುಕರು. ನೀವು ಹೇಳಿದ್ದೇ ನಿಜ" ಅಂದರು.

ಕಳೆದ ಚೀಟಿಗಳಲ್ಲಿ ನನ್ನ ಸಹಿ ಇತ್ತು. ಇವುಗಳಲ್ಲಿಲ್ಲ. ಇವು ಬೇರೆ ಎನ್ನಲು ಅಷ್ಟೇ ಸಾಕ್ಷಿ. ಅವರು ಗಮನಿಸಲಿಲ್ಲ. ನಾನು ಚೀಟಿಗಳನ್ನು ಡ್ರಾಯರಿಗೆ ಸೇರಿಸಿದೆ.

ಮಾರ್ಚ್ 21, ಶುಕ್ರವಾರ, ಮಧ್ಯಾಹ್ನ 3
ಮೇಷ್ಟ್ರನ್ನು ಕೆಲಸದಿಂದ ತೆಗೆದರು. ಮೇಷ್ಟ್ರು ಮನೆಯಿಂದ ಹೊರಗೇ ಬರುತ್ತಿಲ್ಲವಂತೆ. ಕಾಗದ ಇನ್ನೂ ಜೇಬಿನಲ್ಲಿದೆ. ಕೊಡುವ ಧೈರ್ಯವಿಲ್ಲ, ಹರಿಯುವುದಕ್ಕೂ ಇಲ್ಲ.

ನಾನು ಸಹಿ ಮಾಡಿಯೇ ಇರಲಿಲ್ಲವೆಂದುಕೊಂಡು ಸಂಪಾದಕರು, ಏಳಕ್ಕೂ ಸಹಿ ಹಾಕಿ ಇವತ್ತೇ ಪ್ರೆಸ್ಸಿಗೆ ಕಳಿಸಿ ಎಂದಿದ್ದಾರೆ. ಹಾಕಿದರೆ ಇವೇ ಹಳೆಯವು, ಮೇಷ್ಟ್ರೇ ಕಳ್ಳರು. ಆರಕ್ಕೆ ಹಾಕಿದೆ. ಏಳನೆಯ ಅರ್ಥ ಅವರ ದುಂಡು ಅಕ್ಷರದಲ್ಲಿ: ಇಲ್ಲದ ತಪ್ಪನ್ನು ತನ್ನ ಮೇಲೇ ಹೊರಿಸಿಕೊಂಡು ಕೊರಗುವುದು. ಅದೊಂದು ನನಗೆ ಸಲ್ಲದು. ಇದೊಂದನ್ನು ಖಾಲಿ ಬಿಟ್ಟರೆ, ಇವು ಹೊಸವೆಂಬ ಸಾಕ್ಷಿ ಉಳಿದೀತು...

"ಆಯ್ತೇನ್ರೀ?" ಬಾಗಿಲಲ್ಲಿ ಸಂಪಾದಕರು.
"ಇನ್ನೊಂದೇ ಸಾರ್."

ಪೆನ್ನು ಚೀಟಿಯ ಮೇಲಿಟ್ಟೆ. ಮೊದಲ ಅಕ್ಷರ ಬಿತ್ತು, ಹಿಂದೆಯೇ ಉಳಿದವೂ.