ಮಬ್ಬಾದ ಹರಳು

ಇಳಕಲ್ಲ
೨೧ ಜನವರಿ ೨೦೨೫

ಪ್ರೀತಿಯ ಫರಹಾನಾ,

ಹುನಗುಂದದಲ್ಲಿ ನೀನು, ಮಕ್ಕಳು ಆರಾಮಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೆಸೇಜುಗಳಿಗೆ ಉತ್ತರ ಕೊಡಲಿಲ್ಲ, ಸಿಟ್ಟಾಗಬೇಡ. ಫೋನಿನಲ್ಲಿ ಹೇಳಹೋದರೆ ಅಳು ಬರುತ್ತದೆ. ಅದಕ್ಕೇ ಕಾಗದ ಹಿಡಿದೆ.

ಅವ್ವನ ಮನೆಗೆ ಬಂದು ತಿಂಗಳಾಯಿತು. ಪಿಎಚ್.ಡಿ. ಬಿಟ್ಟೆಯಾ ಎಂದು ಓಣಿಯವರೆಲ್ಲ ಕೇಳುತ್ತಾರೆ. ನನ್ನ ಕೆಲಸ ಬೆಳಕು ಸೂಸುವ ಅತಿ ಸಣ್ಣ ಹರಳುಗಳದ್ದು. ಬೆಳಕು ತಾಗಿದಾಗ ಎಲೆಕ್ಟ್ರಾನು ಮೇಲೇಳುತ್ತದೆ. ಅದು ಬಿಟ್ಟ ಖಾಲಿ ಜಾಗಕ್ಕೆ ಹೋಲ್ ಎನ್ನುತ್ತೇವೆ. ಎರಡೂ ಒಂದನ್ನೊಂದು ಸೆಳೆದುಕೊಂಡು ಜೋಡಿಯಾಗುತ್ತವೆ; ಕೆಲವು ಜೋಡಿ ಬೆಳಗುತ್ತವೆ, ಕೆಲವು ಬೆಳಗುವುದಿಲ್ಲ. ಆದರೆ ಎಲೆಕ್ಟ್ರಾನುಗಳೆಲ್ಲ ಒಂದೇ ಥರ, ಇದು ಯಾವುದು ಅದು ಯಾವುದು ಎಂದು ಗುರುತಿಸಲಾಗದು. ಅದರಿಂದ ವಿನಿಮಯ ಎಂಬ ಇನ್ನೊಂದು ಪ್ರಭಾವ ಹುಟ್ಟಿ, ಬೆಳಗುವ ಜೋಡಿಯ ಶಕ್ತಿಯನ್ನು ತುಸು ಮೇಲೆತ್ತುತ್ತದೆ. ಬೆಳಗದ ಜೋಡಿ ಕೆಳಗುಳಿಯುತ್ತದೆ. ಹಾಗಾಗಿ ಚೆನ್ನಾಗಿ ತಣಿಸಿದರೆ ಜೋಡಿಗಳು ಆ ಕೆಳಗಿನ ಸ್ಥಿತಿಗೇ ಇಳಿದು ಹರಳು ಮಬ್ಬಾಗಬೇಕೆಂದು ನನ್ನ ಲೆಕ್ಕ.

ನನ್ನ ಗೈಡ್ ಅನುರಾಧಾ ಮೇಡಂ ಒಪ್ಪಲಿಲ್ಲ. "ವಿನಿಮಯ ಭಾಳ ಸಣ್ಣದು, ಬಿಟ್ಟಬಿಡು. ತಣ್ಣಗಾದಷ್ಟು ಹೆಚ್ಚ ಬೆಳಗತದ ಅಂತ ಬರದು ಲೇಖನ ಕಳಸೂಣು."

"ಅದನ್ನ ಬಿಟ್ರ ಲೆಕ್ಕಾನ ಸುಳ್ಳಾಗತದರಿ."

"ಹಂಗಾದ್ರ ನಿನ್ನ ಹೆಸರ ತಗೀಲೇನು?"

"ತಗೀರಿ ಮೇಡಂ" ಎಂದವಳೇ ಬಸ್ಸು ಹತ್ತಿದೆ. ಲೇಖನ ನನ್ನ ಹೆಸರಿಲ್ಲದೆ ಹೋಯಿತು.

ಬಂದಾಗಿನಿಂದ ಕೂತಲ್ಲಿ ಕೂತಿಲ್ಲ. ಅಡುಗೆಮನೆ, ಅಂಗಳ, ಮತ್ತೆ ಅಡುಗೆಮನೆ. ಮಗ್ಗದ ಮುಂದಿದ್ದ ಅವ್ವ ಮೊನ್ನೆ ಬೈದಳು: "ಒಂದ ಕಡೆ ಕುಂಡ್ರ, ಸುಧಾ. ನಿನ್ನ ಓಡಾಟ ನೋಡಿ ನನಗ ಎಳಿ ತಪ್ಪತಾವು."

ನಿನ್ನೆ ಲ್ಯಾಬಿನ ಕಿರಿಯಳು ಜಾಸ್ಮಿನ ಫೋನ್ ಮಾಡಿದಳು. "ಅಕ್ಕಾ, ಹರಳು ತಣಿಸಿದ್ವಿರಿ. ನೀವು ಹೇಳಿಧಂಗ ಮಬ್ಬಾತು! ಮಷೀನ್ ಕೆಟ್ಟೈತೇನೊ ಅಂತ ಮತ್ತ ನೋಡಿದ್ವಿ. ಮತ್ತೂ ಮಬ್ಬು!"

ಸಂಜೆ ಮೇಡಮ್ಮೇ ಫೋನ್ ಮಾಡಿದರು. "ನೀ ಹೇಳಿದ್ದ ಖರೆ. ಲೇಖನ ವಾಪಸ್ ತಗೊಂಡೇನಿ. ಬಾ, ನಿನ್ನ ಹೆಸರ ಮೊದಲ ಹಾಕಿ ಹೊಸದಾಗಿ ಬರಿಯೂಣು."

ಕುಣಿಯಬೇಕಿತ್ತು, ಅಲ್ಲವೇ? ಇವತ್ತು ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬಂದೆ. ನಾಳೆ ಮಾತ್ರ ಹೋಗಿಯೇ ತೀರುತ್ತೇನೆ.

ನಿನ್ನ ಮಕ್ಕಳು ಚೆನ್ನಾಗಿ ಓದಲಿ, ನಿನ್ನ ಮನೆ ತಣ್ಣಗಿರಲಿ. ನಿಮ್ಮ ಅಮ್ಮಿಗೆ ನನ್ನ ಸಲಾಂ ಹೇಳು.

ನಿನ್ನ
ಸುಧಾರಾಣಿ

ತಾ.ಕ.: ಹಾಸ್ಟೆಲ್ಲಿನಲ್ಲಿ ಕೋಣೆ ಕೇಳಿದ್ದೇನೆ, ಅಲ್ಲಿನ ನಮ್ಮ ಮನೆಗೆ ಹೋಗುವುದಿಲ್ಲ. ವಿನಿಮಯ ಬಿಟ್ಟುಬಿಡಿ ಎಂದು ಮೊದಲು ಮೇಡಂ ತಲೆಗೆ ತುಂಬಿದವನು ಅದೇ ಲ್ಯಾಬಿನಲ್ಲಿರುವ ನನ್ನ ಗಂಡ ವೀರೇಶ. ನನ್ನ ಹೆಸರು ತೆಗೆದ ಜಾಗದಲ್ಲಿ ಅವನೇ ತನ್ನ ಹೆಸರು ಬರೆಸಿಕೊಂಡ. ಈ ತಿಂಗಳಲ್ಲಿ ಒಂದು ಫೋನೂ ಇಲ್ಲ. "ಅಳಿಯಾ ಯಾಕ ಬರವಲ್ಲ?" ಎಂದು ಅವ್ವ ದಿನಾ ಕೇಳುತ್ತಾಳೆ. ಕೆಲಸ ಭಾಳ ಐತಿ ಎನ್ನುತ್ತೇನೆ.